ನಮ್ಮ ಕವಿತೆಗಳ ಮಳೆ ಬೀಳುವುದೆಲ್ಲಿ?

ಹೋದ ಡಿಸೆಂಬರಿನಲ್ಲಿ ನಮ್ಮ ಪತ್ರಿಕೆಗೆ ಒಂದು ಗದ್ಯ ಬಂದಿತ್ತು. ಬರೆದವಳು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದು ಈಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಓದುತ್ತಿರುವ ಹುಡುಗಿ. ಮನೆಯಲ್ಲಿ ಕುಂದಾಪ್ರ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಗೆಳತಿಯರ ಜೊತೆ ಮರಾಠಿ. ಕನ್ನಡ ಬರೆಯಲು ಕಲಿತದ್ದು ಊರಿನ ಅಜ್ಜಿಗೆ ಕಾಗದ ಬರೆಯಲಿಕ್ಕೆಂದು. ಬರಹದ ವಿಷಯ ಅವಳ ಮೊದಲ ಹಿಮಗಾಲ. ಆದರೆ ಅದರಲ್ಲಿ ಹಿಮದ ಸೌಂದರ್ಯದ ಬಗ್ಗೆ ಒಂದು ಸಾಲೂ ಇರಲಿಲ್ಲ. ಬೆಳಿಗ್ಗೆ ಕತ್ತಲಲ್ಲೇ ಎದ್ದು ಬಾಡಿಗೆ ಮನೆಯ ಮುಂದಿನ ಕಾಲುದಾರಿಯ ಹಿಮ ಗೋರುವುದು, ಗೋರಿದ್ದಕ್ಕೆ ಮನೆಯೊಡತಿ ಬಾಡಿಗೆಯಲ್ಲಿ ಸ್ವಲ್ಪ ಬಿಡುವುದು, ಹಿಮ ಬಿದ್ದು ನಿಂತ ಮೇಲೆ 24 ಗಂಟೆಗಳೊಳಗೆ ದಾರಿ ತೆರವಾಗಬೇಕು ಎಂಬ ಅಲ್ಲಿಯ ನಗರಾಡಳಿತದ ನಿಯಮ, ಉಪ್ಪು ಎರಚುವಾಗ ಕೈಚೀಲ ತೂತಾದರೆ ಆಗುವ ಪಾಡು, ಬಸ್ಸು ತಡವಾದರೆ ಯಾವ ಅಂಗಡಿಯವನು ಒಳಗೆ ನಿಲ್ಲಗೊಡುತ್ತಾನೆ, ಯಾವನು ಗೊಡುವುದಿಲ್ಲ ಎಂಬ ಲೆಕ್ಕ, ಇಷ್ಟೇ.

ನಾವು ನಾಲ್ವರು ಸಂಪಾದಕರು ಫೋನಿನಲ್ಲಿ ಕೂತು ಅದನ್ನು ಓದಿದೆವು. ಒಬ್ಬರು, 'ಇದು ಸಾಹಿತ್ಯವಲ್ಲ, ಸೂಚನಾಪತ್ರ' ಅಂದರು. ಇನ್ನೊಬ್ಬರು ಅವಳ ಕನ್ನಡವನ್ನು ತಿದ್ದಲು ಒಂದು ವಾರ ಬೇಕು ಅಂದರು. ನಾನು ಎರಡಕ್ಕೂ ಹ್ಞೂಂ ಅಂದೆ. 'ಮತ್ತೆ ಬರೆಯುತ್ತಿರಿ' ಎಂಬ ಎಂದಿನ ಒಕ್ಕಣೆಯೊಂದಿಗೆ ಬರಹ ವಾಪಸು ಹೋಯಿತು.

ಈ ಲೇಖನ ಆ ಹ್ಞೂಂಕಾರವನ್ನು ಹಿಂದಕ್ಕೆ ತೆಗೆದುಕೊಳ್ಳಲಿಕ್ಕೆ.

ಜೂನ್ ಬಂತು. ಎಂದಿನಂತೆ ಮಳೆಗಾಲದ ಸಂಚಿಕೆಗೆ ಕವಿತೆಗಳು ಬಂದವು. ಇಪ್ಪತ್ತಕ್ಕೂ ಹೆಚ್ಚು. ಕಳಿಸಿದವರೆಲ್ಲ ನಮ್ಮವರೇ, ಥಾಣೆ, ಕಲ್ಯಾಣ, ಡೊಂಬಿವಲಿ, ಐರೋಲಿ, ಖಾರ್ಘರ್‌ಗಳಲ್ಲಿ ಇದ್ದು ಬ್ಯಾಂಕು, ಹೊಟೇಲು, ಸಾಫ್ಟ್‌ವೇರು, ಶಾಲೆಗಳಲ್ಲಿ ದುಡಿಯುವವರು. ಅವುಗಳನ್ನು ಆರಿಸಲು ಕೂತಾಗ ಏನೋ ತೋಚಿ ಪ್ರತಿ ಕವಿತೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಊರಿನ ಹೆಸರು ಬರೆಯುತ್ತ ಹೋದೆ. ಈ ಮಳೆ ಬೀಳುತ್ತಿರುವುದು ಎಲ್ಲಿ? ಉಡುಪಿ. ಕುಂದಾಪುರ. ಶಿರಸಿ. ಕಾರ್ಕಳ. ಮತ್ತೆ ಉಡುಪಿ. ಹೆಸರಿಲ್ಲದ, ಆದರೆ ಹಂಚಿನ ಮಾಡೂ ಅಡಿಕೆ ತೋಟವೂ ಇರುವ ಊರು. ಎರಡೇ ಎರಡು ಕವಿತೆಗಳ ಮಳೆ ಈ ಕಡೆ ಬಿದ್ದಿತ್ತು. ಅದರಲ್ಲಿ ಒಂದರದು ಹದಿನಾಲ್ಕನೆಯ ಮಹಡಿಯ ಕಿಟಕಿಯ ಗಾಜಿನ ಆಚೆಗೆ. ಓದಿದರೆ ಕೆಳಗೆ ರಸ್ತೆ ಇದೆ ಎಂಬ ಸುಳಿವೂ ಸಿಗುವುದಿಲ್ಲ.

ಊರಿನ ಮಳೆಯನ್ನು ನೆನೆಯಬಾರದು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರಿಗೆ ವಲಸೆ ಎಂದರೇನೆಂದು ತಿಳಿದಿರುವುದಿಲ್ಲ. ನೆನಪಿಗೂ ಒಂದು ಹಕ್ಕಿದೆ. ನನ್ನ ತಕರಾರು ಬೇರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ವರ್ಷದ ಮೂರನೇ ಒಂದು ಭಾಗವನ್ನು ನಾವು ಒಂದು ಮಳೆಯ ಜೊತೆ ಗುದ್ದಾಡುತ್ತ ಕಳೆಯುತ್ತೇವೆ. ಆಫೀಸಿನ ಡ್ರಾಯರಿನಲ್ಲಿ ಒಂದು ಜೊತೆ ಒಣ ಬಟ್ಟೆ ಇಡುತ್ತೇವೆ, ಫೋನನ್ನು ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತೇವೆ, ಕುರ್ಲಾದ ಹಳಿಯ ಮೇಲೆ ನೀರು ಬಂತೆಂದು ಕೇಳಿದರೆ ಐರೋಲಿ ಕಡೆಯಿಂದ ಹೋಗಬಹುದೇ ಎಂದು ಲೆಕ್ಕ ಹಾಕುತ್ತೇವೆ. ಸಂಜೆ ಮನೆಗೆ ಬಂದು ಬರೆಯಲು ಕೂತರೆ ಮಾತ್ರ ಬೇರೊಂದು ಮಳೆ ಬರುತ್ತದೆ. ಬದುಕಿದ ಮಳೆಗೂ ಬರೆದ ಮಳೆಗೂ ನಡುವೆ ಆರೇಳುನೂರು ಕಿಲೋಮೀಟರು ದೂರ.

ಇದಕ್ಕೆ ಸಮರ್ಥನೆಯಾಗಿ ಯಾರಾದರೂ ಮೇಘದೂತವನ್ನು ತರಬಹುದು. ತರಲಿ. ಕಾಳಿದಾಸನ ಯಕ್ಷ ಒಂದರ್ಥದಲ್ಲಿ ನಮ್ಮ ಪೈಕಿಯವನೇ. ಕೆಲಸದಲ್ಲಿ ತಪ್ಪಿದ್ದಕ್ಕೆ ಒಡೆಯ ಅವನನ್ನು ಒಂದು ವರ್ಷ ದೂರ ಕಳಿಸುತ್ತಾನೆ. ಅವನು ಬಂದು ಇಳಿಯುವ ರಾಮಗಿರಿಯನ್ನು ಬಹಳ ಮಂದಿ ನಾಗಪುರದ ಹತ್ತಿರದ ರಾಮಟೇಕ್ ಎಂದೇ ಗುರುತಿಸುತ್ತಾರೆ. ಎಂದರೆ ಮಹಾರಾಷ್ಟ್ರಕ್ಕೆ ಬಂದು ಊರಿಗೆ ಸುದ್ದಿ ಕಳಿಸಲು ಮೋಡವನ್ನು ಹಿಡಿದ ವಲಸಿಗ. ಬೇಂದ್ರೆಯವರು ಆ ಕಾವ್ಯವನ್ನು ಕನ್ನಡಕ್ಕೆ ತಂದ ಮೇಲೆ ನಮ್ಮ ಕವಿಗಳಿಗೆ ಮೋಡವೆಂದರೆ ಕೊರಿಯರ್ ಎಂಬುದು ರೂಢಿಯೇ ಆಗಿಬಿಟ್ಟಿದೆ. ಆದರೆ ಆ ಕಾವ್ಯದ ಮೊದಲ ಅರ್ಧವನ್ನು ಮತ್ತೊಮ್ಮೆ ಓದಿ ನೋಡಿ. ಅಲಕೆಗೆ ಹೋಗುವ ಮೊದಲು ಮೋಡ ದಾರಿಯುದ್ದಕ್ಕೂ ಇಳಿಯಬೇಕು. ರೇವಾ ನದಿ, ವಿದಿಶೆ, ವೇತ್ರವತಿ, ಉಜ್ಜಯಿನಿ, ಶಿಪ್ರಾ, ಕುರುಕ್ಷೇತ್ರ, ಕನಖಲ. ಹೊಲದ ಹೆಂಗಸರು ಹೇಗೆ ನೋಡುತ್ತಾರೆ, ಎಲ್ಲಿ ಸುತ್ತುಬಳಸಾದರೂ ಹೋಗಿಯೇ ತೀರಬೇಕು, ಎಲ್ಲವನ್ನೂ ಯಕ್ಷ ಹೇಳುತ್ತಾನೆ. ಹಿಮದ ಕೈಲಾಸ ಬರುವುದು ಇಷ್ಟೆಲ್ಲ ಆದ ಮೇಲೆ. ನಮ್ಮ ಮೋಡಗಳಾದರೋ ಕಲ್ಯಾಣದಲ್ಲಿ ಎದ್ದು ನೇರ ಕುಂದಾಪುರದಲ್ಲಿ ಇಳಿಯುತ್ತವೆ. ನಡುವೆ ಪನ್ವೇಲ್ ಕೂಡ ಇಲ್ಲ. ಇನ್ನೊಂದು ಮಾತು: ಯಕ್ಷನ ಶಾಪಕ್ಕೆ ಒಂದು ವರ್ಷದ ಗಡುವಿತ್ತು, ಮೋಡ ಕಂಡಾಗ ನಾಲ್ಕು ತಿಂಗಳು ಮಾತ್ರ ಉಳಿದಿತ್ತು. ನಾವು ಇಪ್ಪತ್ತು, ಮೂವತ್ತು ವರ್ಷ ಇಲ್ಲಿದ್ದು, ಇಲ್ಲೇ ಸಾಲದ ಫ್ಲ್ಯಾಟು ಕೊಂಡು, ಇಲ್ಲೇ ಮಕ್ಕಳ ಮದುವೆ ಮಾಡಿ, ಕವಿತೆಯಲ್ಲಿ ಮಾತ್ರ ನಾಲ್ಕು ತಿಂಗಳಲ್ಲಿ ಹೊರಡುವವರ ಹಾಗೆ ಬರೆಯುತ್ತೇವೆ.

ಮುಂಬಯಿ ಕನ್ನಡದ ದೊಡ್ಡ ಗದ್ಯ ಈ ತಪ್ಪು ಮಾಡಿಲ್ಲ ಎಂಬುದನ್ನು ಗಮನಿಸಬೇಕು. ಯಶವಂತ ಚಿತ್ತಾಲರು ಹನೇಹಳ್ಳಿಯನ್ನು ಎಂದೂ ಬಿಡಲಿಲ್ಲ, ಆದರೆ 1979ರ 'ಶಿಕಾರಿ'ಯಲ್ಲಿ ನಾಗಪ್ಪನನ್ನು ಬೇಟೆಯಾಡುವ ಕಾಡು ಈ ನಗರದ ಕಂಪನಿಯೇ. ವ್ಯಾಸರಾಯ ಬಲ್ಲಾಳರು ಈ ನಗರದ ದುಡಿಮೆಯ ಲೋಕವನ್ನು ಕಾದಂಬರಿಗೆ ತಂದರು. ಜಯಂತ ಕಾಯ್ಕಿಣಿಯವರ 'ಅಮೃತಬಳ್ಳಿ ಕಷಾಯ', 'ತೂಫಾನ್ ಮೇಲ್' ಕತೆಗಳಲ್ಲಿ ಚಾಳು, ಆಸ್ಪತ್ರೆ, ಸಿನೆಮಾ ಟಾಕೀಸುಗಳೇ ಊರು, ಗುರುತಿಲ್ಲದವರೇ ಬಂಧುಗಳು. ಗದ್ಯ ಇಲ್ಲಿ ಮನೆ ಮಾಡಿ ಆಗಿದೆ. ನಮ್ಮ ಕವಿತೆ ಮತ್ತು ಪ್ರಬಂಧ ಇನ್ನೂ ಬಸ್‌ಸ್ಟ್ಯಾಂಡಿನಲ್ಲಿ ಗಂಟು ಹಿಡಿದು ಕೂತಿವೆ.

ಇಷ್ಟು ಹೇಳಿದ ಮೇಲೆ ನನ್ನದೇ ಒಂದು ಕವಿತೆಯನ್ನು ಮುಂದಿಡದಿದ್ದರೆ ಅನ್ಯಾಯವಾದೀತು.

2005ರ ಜುಲೈ 26. ಸಾಂತಾಕ್ರೂಜ್‌ನ ಹವಾಮಾನ ಕೇಂದ್ರ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ದಾಖಲಿಸಿತು. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿಲಿಮೀಟರು. ಒಂದೇ ನಗರದಲ್ಲಿ ಎರಡು ಆಕಾಶ. ನಗರದ ಹಳೆಯ ಮಳೆನೀರು ಚರಂಡಿಗಳು ಗಂಟೆಗೆ 25 ಮಿಲಿಮೀಟರು ಮಳೆಗೆಂದು ಕಟ್ಟಿದವು. ಅದೂ ಸಮುದ್ರ ಇಳಿದಿರುವ ಹೊತ್ತಿನಲ್ಲಿ. ನಾನಾಗ ಅಂಧೇರಿಯ ಒಂದು ಕಚೇರಿಯಲ್ಲಿದ್ದೆ, ಆ ರಾತ್ರಿ ಅಲ್ಲೇ ಮೇಜಿನ ಮೇಲೆ ಮಲಗಿದೆ. ಅಮ್ಮ ಕಲ್ಯಾಣದಲ್ಲಿ, ವಾಲಧುನಿ ನದಿಯಿಂದ ದೂರವಲ್ಲದ ಚಾಳಿನ ನೆಲದ ಖೋಲಿಯಲ್ಲಿ ಒಬ್ಬಳೇ ಇದ್ದಳು. ನೀರು ಮೊದಲು ಮೋರಿಯಿಂದ ಹಿಮ್ಮುಖವಾಗಿ ಬಂತಂತೆ. ಎದುರು ಖೋಲಿಯ ಮರಾಠಿ ಹೆಂಗಸು ಬಂದು ಅವಳ ಕೈಹಿಡಿದು ಪಕ್ಕದ ಕಟ್ಟಡದ ಮೂರನೆಯ ಮಹಡಿಗೆ ಹತ್ತಿಸಿದಳು. ಅಲ್ಲಿ ಪರಿಚಯವೇ ಇಲ್ಲದ ಒಂದು ಮನೆಯವರು ಹದಿನೇಳು ಜನರಿಗೆ ಎರಡು ದಿನ ಖಿಚಡಿ ಬೇಯಿಸಿದರು. ನಾನು ಮೂರನೆಯ ದಿನ ಹೋಗಿ ಸೇರಿದಾಗ ಖೋಲಿಯಲ್ಲಿ ಗೋಡೆಯ ಮೇಲೆ ನನ್ನ ಎದೆಯ ಎತ್ತರಕ್ಕೆ ಒಂದು ಗೆರೆ ಇತ್ತು. ಅಪ್ಪ ಬರೆದ ಕಾಗದಗಳಿದ್ದ ಟ್ರಂಕು ಕೆಸರು ತುಂಬಿ ಮುಚ್ಚಲಾರದೆ ಬಾಯ್ದೆರೆದುಕೊಂಡು ಬಿದ್ದಿತ್ತು.

ಅದೇ ವರ್ಷ ದೀಪಾವಳಿಗೆ ನಾನು 'ಅಮ್ಮನ ಮಳೆ' ಎಂಬ ಕವಿತೆ ಬರೆದೆ. ಅದರಲ್ಲಿ ಅಮ್ಮ ಕುಂದಾಪುರದ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ ನಿಂತಿದ್ದಳು. ಸೂರಿನ ನೀರಿಗೆ ಹಂಡೆ ಇಟ್ಟಿದ್ದಳು. ತುಳಸಿಕಟ್ಟೆ ಇತ್ತು, ಗೋರಂಬು ಇತ್ತು, ಹಲಸಿನ ಹಪ್ಪಳ ಇತ್ತು. ಓದಿದವರೆಲ್ಲ ಚೆನ್ನಾಗಿದೆ ಅಂದರು. ಒಂದು ಸಣ್ಣ ಬಹುಮಾನವೂ ಬಂತು. ಅಮ್ಮನಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, 'ಇದ್ ಯಾವ ಮಳಿ ಮಾರಾಯ? ಆ ಹೆಂಗ್ಸ್ ಎಲ್ಲಿತ್?' ಅಂದಳು. ಕೈಹಿಡಿದು ಮೆಟ್ಟಿಲು ಹತ್ತಿಸಿದವಳ ಬಗ್ಗೆ ಕೇಳುತ್ತಿದ್ದಳು. ನಾನು, ಕವಿತೆ ಹಾಗಲ್ಲಮ್ಮ, ಎಂದು ಏನೋ ಹೇಳಿದೆ.

ಈಗ ಆ ಕವಿತೆಯನ್ನು ವಿಮರ್ಶಕನಾಗಿ ನೋಡಿದರೆ ಅದರ ದೋಷ ಭಾಷೆಯದಲ್ಲ, ಲಯದ್ದಲ್ಲ. ಅದು ಸುಳ್ಳು ಎಂಬುದೂ ಅಲ್ಲ. ಅಂಗಳ, ಹಂಡೆ ಎಲ್ಲ ನಿಜವಾಗಿ ಇದ್ದವೇ. ದೋಷ ಏನೆಂದರೆ, ಒಂದು ಹೆದರಿಕೆಯನ್ನೂ ಒಂದು ಋಣವನ್ನೂ ಮುಚ್ಚಲು ಅದು ಊರಿನ ಮಳೆಯನ್ನು ಚಾದರದಂತೆ ಬಳಸಿತು. ಅಂಗಳದಲ್ಲಿ ನಿಂತ ಅಮ್ಮನಿಗೆ ಯಾರ ಸಹಾಯವೂ ಬೇಕಿಲ್ಲ. ಮೂರನೆಯ ಮಹಡಿಯ ಅಮ್ಮ ಮರಾಠಿ ಹೆಂಗಸಿಗೆ, ಹೆಸರು ತಿಳಿಯದ ಆ ಮನೆಯವರಿಗೆ ಋಣಿ. ಆ ಋಣ ಬರೆದರೆ ನಾನು ಈ ನಗರದವನು ಎಂದು ಒಪ್ಪಿದ ಹಾಗೆ. ಅದನ್ನು ಒಪ್ಪಲು ಮನಸ್ಸಿರಲಿಲ್ಲ. ನಮ್ಮ ಮಳೆ ಕವಿತೆಗಳು ಊರಿಗೆ ಓಡುವುದು ಊರಿನ ಪ್ರೀತಿಗಿಂತ ಹೆಚ್ಚಾಗಿ ಈ ಒಪ್ಪಿಗೆಯಿಂದ ತಪ್ಪಿಸಿಕೊಳ್ಳಲು ಇರಬಹುದೇ ಎಂಬುದು ನನ್ನ ಗುಮಾನಿ.

ನಾವು 'ಮಳೆ ಸಾಹಿತ್ಯ' ಎಂದು ಕರೆಯುವ ಪರಂಪರೆಯನ್ನೂ ಸ್ವಲ್ಪ ತಪ್ಪಾಗಿ ಓದಿದ್ದೇವೆ ಅನಿಸುತ್ತದೆ. ಕನ್ನಡದಲ್ಲಿ ಮಳೆಗೆ ಇರುವ ಹೆಸರುಗಳನ್ನು ನೋಡಿ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂದು ನಕ್ಷತ್ರಕ್ಕೊಂದು ಮಳೆ. ಭರಣಿ ಮಳೆ ಬಂದರೆ ಧರಣಿ ಬೆಳೆ ಎಂಬ ಗಾದೆ. ಇವು ವರ್ಣನೆಯ ಮಾತುಗಳಲ್ಲ, ಕೆಲಸದ ಮಾತುಗಳು. ಯಾವ ಮಳೆಗೆ ಬಿತ್ತಬೇಕು, ಯಾವ ಮಳೆಗೆ ನೆಡಬೇಕು ಎಂಬ ತಿಳಿವಳಿಕೆ. ಕಾರಂತರ 'ಮರಳಿ ಮಣ್ಣಿಗೆ'ಯ ಪಾರೋತಿ, ಸರಸೋತಿಯರಿಗೆ ಮಳೆಗಾಲ ಎಂದರೆ ಮೊದಲು ದುಡಿಮೆ. ಆ ಪರಂಪರೆಯಿಂದ ನಾವು ಹಸಿರು, ಕಂಪು, ಕಪ್ಪೆಯ ಕೂಗುಗಳನ್ನು ಎತ್ತಿಕೊಂಡು ಬಂದೆವು. ಅದರ ಬೆನ್ನೆಲುಬಾಗಿದ್ದ ಕೆಲಸವನ್ನು ಬಿಟ್ಟೆವು. ಇಲ್ಲಿ ನಮ್ಮ ಪಂಚಾಂಗ ಯಾವುದು? ಪ್ರತಿ ಮಳೆಗಾಲಕ್ಕೆ ಮುನ್ನ ಮುಂಬಯಿ ಮಹಾನಗರಪಾಲಿಕೆ ಹೊರಡಿಸುವ, ನಾಲ್ಕೂವರೆ ಮೀಟರಿಗಿಂತ ಎತ್ತರದ ಉಬ್ಬರವಿರುವ ದಿನಗಳ ಪಟ್ಟಿ. ಆ ಹೊತ್ತಿಗೆ ಜಡಿಮಳೆಯೂ ಬಂದರೆ ನೀರಿಗೆ ಹೋಗಲು ದಾರಿಯಿಲ್ಲ, ಲೋಕಲ್ ನಿಂತಿತೆಂದೇ ಲೆಕ್ಕ. ರೈತ ಆರಿದ್ರ ಮಳೆಯನ್ನು ಕಾದಷ್ಟೇ ಜಾಗ್ರತೆಯಿಂದ ನಾವು ಆ ಪಟ್ಟಿಯನ್ನು ನೋಡುತ್ತೇವೆ. ಒಂದು ಕವಿತೆಯಲ್ಲೂ ಅದು ಬಂದಿಲ್ಲ.

ಶಬ್ದಗಳಿಲ್ಲ ಎನ್ನುವಂತಿಲ್ಲ. ಉಬ್ಬರ, ಇಳಿತ, ಅಳಿವೆ, ಹಿನ್ನೀರು ಎಲ್ಲ ಕರಾವಳಿಯವರ ಬಾಯಲ್ಲೇ ಇವೆ. ನವಿ ಮುಂಬಯಿಯನ್ನೇ ತೆಗೆದುಕೊಳ್ಳಿ. ಸಿಡ್ಕೋ 1970ರಲ್ಲಿ ಹುಟ್ಟಿ ಕಟ್ಟಿಸಿದ ಈ ನಗರದ ಹಲವು ಭಾಗಗಳು ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿವೆ. ಅದಕ್ಕಾಗಿ ವಾಶಿ, ಬೇಲಾಪುರದ ಕಡೆ ಮಳೆನೀರು ಹಿಡಿದಿಡುವ ಕೊಳಗಳನ್ನು ಮಾಡಿದ್ದಾರೆ. ಡಚ್ಚರ ವಿಧಾನ ಎನ್ನುತ್ತಾರೆ. ಸಮುದ್ರ ಏರಿದಾಗ ತೂಬಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ಮಳೆನೀರು ಕೊಳದಲ್ಲಿ ನಿಲ್ಲುತ್ತದೆ. ಇಳಿದಾಗ ಬಾಗಿಲು ತೆರೆದು ನೀರು ಖಾಡಿಗೆ ಹೋಗುತ್ತದೆ. ಕುಮಟೆಯ ಕಡೆಯವರು ಇದನ್ನು ನೋಡಿದ ತಕ್ಷಣ ಗುರುತಿಸಬೇಕು. ಅಘನಾಶಿನಿಯ ಗಜನಿ ಭೂಮಿಯಲ್ಲಿ ಕಗ್ಗ ಭತ್ತ ಬೆಳೆಯಲು ನಮ್ಮ ಹಿರಿಯರು ಮಾಡುತ್ತಿದ್ದದ್ದು ಇದೇ ಬಾಗಿಲಿನ ಕೆಲಸ. ಊರಿನ ನೆನಪು ಇಲ್ಲಿ ಹೀಗೆ ಉಪಯೋಗಕ್ಕೆ ಬರಬೇಕು: ಇಲ್ಲಿಯದನ್ನು ಮರೆಸಲಿಕ್ಕಲ್ಲ, ಇಲ್ಲಿಯದನ್ನು ಗುರುತು ಹಿಡಿಯಲಿಕ್ಕೆ. ವಾಶಿಯ ಕೊಳವನ್ನು ಗಜನಿಯ ಕಣ್ಣಿನಿಂದ ನೋಡಿದ ಒಂದು ಪ್ರಬಂಧ ಬಂದರೆ ಹತ್ತು ತುಳಸಿಕಟ್ಟೆಯ ಕವಿತೆಗಳನ್ನು ನಾನು ಬಿಟ್ಟುಕೊಡುತ್ತೇನೆ.

ಬರೆಯಲು ವಸ್ತು ಇಲ್ಲ ಎಂದೂ ಹೇಳುವಂತಿಲ್ಲ. 2014ರ ಜನವರಿಯಲ್ಲಿ ಡೊಂಬಿವಲಿಯಲ್ಲಿ ಹಸಿರು ಬಣ್ಣದ ಮಳೆ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂತು. 2020ರಲ್ಲಿ ಅಲ್ಲಿಯ ಎಂಐಡಿಸಿ ಪ್ರದೇಶದ ರಸ್ತೆಯೊಂದು ಗುಲಾಬಿಯಾಯಿತು. ಹಸಿರು ಮಳೆ! ನಮ್ಮ ಯಾವ ನವೋದಯ ಕವಿಯ ಕಲ್ಪನೆಯೂ ಅಲ್ಲಿಗೆ ಹೋಗಿರಲಾರದು. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ಮತ್ತು ವಾಂಗಣಿಯ ನಡುವೆ ಉಲ್ಲಾಸ್ ನದಿಯ ನೆರೆಯಲ್ಲಿ ದ್ವೀಪವಾಯಿತು. ಸಾವಿರಕ್ಕೂ ಹೆಚ್ಚು ಜನರನ್ನು ದೋಣಿಗಳಲ್ಲಿ ಇಳಿಸಿದರು. ನಿಪ್ಪಾಣಿ, ಬೆಳಗಾವಿಯ ಕಡೆಗೆ ಹೋಗುವ ನಮ್ಮ ಎಷ್ಟೋ ಜನ ಹತ್ತುವ ಗಾಡಿ ಅದು.

ಈಗ ಮಿನಿಯಾಪೊಲಿಸ್‌ನ ಹುಡುಗಿಗೆ ಮರಳುತ್ತೇನೆ. ಅವಳ ಬರಹವನ್ನು ಮೊನ್ನೆ ಮತ್ತೆ ಓದಿದೆ. ನಾವು ನಕ್ಕಿದ್ದ ಒಂದು ವಿಷಯವಿತ್ತು: ಹಿಮಕ್ಕೆ ಅವಳು ಕಟ್ಟಿದ ಹೆಸರುಗಳು. ಕನ್ನಡದಲ್ಲಿ ಮಂಜು ಎಂದರೆ ಇಬ್ಬನಿಯೂ ಹೌದು, ಕಾವಳವೂ ಹೌದು, ಹಿಮವೂ ಹೌದು. ಡಿಸೆಂಬರಿನ ಬೆಳಿಗ್ಗೆ ಕಸಾರಾ, ಕರ್ಜತ್ ಕಡೆಯ ಗಾಡಿಗಳನ್ನು ತಡ ಮಾಡುವುದೂ ಮಂಜೇ. ಹಿಮ ಎಂದರೆ ಪುರಾಣದ ಹಿಮವಂತ. ದಿನಾ ಬೆಳಿಗ್ಗೆ ಅದನ್ನು ಗೋರಬೇಕಾದವಳಿಗೆ ಇವು ಸಾಲಲಿಲ್ಲ. ಹೊಸದಾಗಿ ಬಿದ್ದದ್ದಕ್ಕೆ ಪುಡಿಹಿಮ, ವಾಹನಗಳು ಕಲಸಿದ್ದಕ್ಕೆ ಕೆಸರುಹಿಮ, ಕಣ್ಣಿಗೆ ಕಾಣದೆ ರಸ್ತೆಗೆ ಅಂಟಿ ಜಾರಿ ಬೀಳಿಸುವುದಕ್ಕೆ ಗಾಜುಹಿಮ ಎಂದು ಬರೆದಿದ್ದಳು. ನಾವು 'ಕೆಸರುಹಿಮ'ಕ್ಕೆ ನಕ್ಕೆವು. ನಕ್ಷತ್ರಕ್ಕೊಂದು ಮಳೆಯ ಹೆಸರಿಟ್ಟ ರೈತ ಮಾಡಿದ್ದೂ ಇದನ್ನೇ ಎಂದು ನಮಗೆ ಆಗ ಹೊಳೆಯಲಿಲ್ಲ.

ಅವಳ ಬರಹದಲ್ಲಿ ಕೊರತೆಯೂ ಇದೆ. ಮಿನಿಯಾಪೊಲಿಸ್‌ನ ನಡುಭಾಗದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಮೇಲ್ಸೇತುವೆಗಳಿವೆ, ಒಟ್ಟು ಸುಮಾರು 15 ಕಿಲೋಮೀಟರು. ಅದರೊಳಗೆ ನಡೆದರೆ ಹಿಮ ಸೋಕುವುದಿಲ್ಲ. ಅದನ್ನು ಅವಳು ಮೆಚ್ಚಿ ಬರೆಯುತ್ತಾಳೆ, ಕಲ್ಯಾಣ ಸ್ಟೇಷನ್ನಿನ ಸ್ಕೈವಾಕನ್ನು ನೆನೆಯುತ್ತಾಳೆ. ಆದರೆ ಆ ಸೇತುವೆಯ ಹೊರಗೆ ಉಳಿದವರು ಯಾರು ಎಂದು ಕೇಳುವುದಿಲ್ಲ. ಹಿಮದ ನಾಡಿನ ಕನ್ನಡ ಬರವಣಿಗೆ ಈ ಪ್ರಶ್ನೆ ಕೇಳಬಲ್ಲದು ಎಂಬುದಕ್ಕೆ ಅವಳದೇ ರಾಜ್ಯದಲ್ಲಿ ಉದಾಹರಣೆ ಇದೆ. ಮಿನೆಸೋಟಾದಲ್ಲಿ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆಯವರ 'ಹಿಜಾಬ್' ಕಾದಂಬರಿಯಲ್ಲಿ ಭಾರತದಿಂದ ಹೋದ ವೈದ್ಯರು ಆಫ್ರಿಕಾದಿಂದ ಬಂದ ನಿರಾಶ್ರಿತ ಸಮುದಾಯದ ಎದುರು ನಿಲ್ಲಬೇಕಾಗುತ್ತದೆ. ವಲಸಿಗನೊಬ್ಬ ತನ್ನ ಊರನ್ನು ನೋಡುವುದನ್ನು ಬಿಟ್ಟು ಪಕ್ಕದ ವಲಸಿಗನನ್ನು ನೋಡಿದಾಗ ಕನ್ನಡಕ್ಕೆ ಏನು ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ನಮ್ಮ ಮಳೆಯಲ್ಲೂ ಸ್ಕೈವಾಕಿನ ಕೆಳಗೆ ತರಕಾರಿಯ ಗಾಡಿಗೆ ತಾಡಪತ್ರಿ ಕಟ್ಟುವ ಉತ್ತರ ಪ್ರದೇಶದವನಿದ್ದಾನೆ, ಮೋರಿಗೆ ಇಳಿಯುವವನಿದ್ದಾನೆ. ಅವರು ನಮ್ಮ ಕವಿತೆಗೆ ಬರದೇ ಇರುವುದಕ್ಕೆ ಕಾರಣ ಸರಳ. ಕುಂದಾಪುರದ ಅಂಗಳದಲ್ಲಿ ಅವರು ಇರಲಿಲ್ಲ.

ಕನ್ನಡದಲ್ಲಿ ನೆರೆ ಎಂದರೆ ಪ್ರವಾಹ. ನೆರೆ ಎಂದರೆ ಪಕ್ಕದ ಮನೆಯೂ ಹೌದು. ಇದು ಶಬ್ದಗಳ ಆಕಸ್ಮಿಕ ಇದ್ದೀತು, ನಿಘಂಟಿನವರು ಹೇಳಲಿ. ಆದರೆ 2005ರಲ್ಲಿ ನನ್ನ ಅಮ್ಮನಿಗೆ ಎರಡೂ ಒಂದೇ ದಿನ ಬಂದವು, ನಾನು ಎರಡನ್ನೂ ಬರೆಯಲಿಲ್ಲ.

ಬರಿಯ ಅನುಭವ ದಾಖಲಿಸಿದರೆ ಸಾಹಿತ್ಯವಾಗುತ್ತದೆಯೇ ಎಂದು ನಮ್ಮ ಸಂಪಾದಕ ಮಿತ್ರರು ಕೇಳುತ್ತಾರೆ. ಆಗುವುದಿಲ್ಲ. ಒದ್ದೆ ಸಾಕ್ಸಿನ ವರದಿ ಕವಿತೆಯಲ್ಲ. ಆದರೆ ದಾಖಲಿಸಲು ನಿರಾಕರಿಸಿದರೂ ಸಾಹಿತ್ಯವಾಗುವುದಿಲ್ಲ ಎಂಬುದಕ್ಕೆ ನನ್ನ ಬಹುಮಾನಿತ ಕವಿತೆಯೇ ಇದೆ. ಆ ಹುಡುಗಿಯ ಗದ್ಯ ತಿದ್ದಬಹುದಾದದ್ದು. ಅವಳು ನಿಂತ ಜಾಗ ಸರಿಯಾಗಿದೆ. ನಮ್ಮ ಕವಿತೆಗಳಲ್ಲಿ ತಿದ್ದಲು ಏನೂ ಇಲ್ಲ, ನಿಂತ ಜಾಗ ಮಾತ್ರ ಬೇರೆಯವರದು.

ಹೋದ ವಾರ ಅವಳಿಗೆ ಕಾಗದ ಬರೆದು ಕ್ಷಮೆ ಕೇಳಿದೆ, ಬರಹವನ್ನು ಮತ್ತೆ ಕಳಿಸಲು ಹೇಳಿದೆ. ಉತ್ತರ ಬಂದಿದೆ. ಈಗ ಅವಳು ಮನೆ ಬದಲಿಸಿದ್ದಾಳಂತೆ, ಹಿಮ ಗೋರುವ ಕೆಲಸ ಅವಳದಲ್ಲ. ಹೊಸ ಕಟ್ಟಡದಲ್ಲಿ ಅದಕ್ಕೊಬ್ಬ ಮುದುಕನಿದ್ದಾನೆ, ಬೆಳಿಗ್ಗೆ ನಾಲ್ಕಕ್ಕೇ ಸಲಿಕೆಯ ಸದ್ದು ಕೇಳಿಸುತ್ತದೆ. ಅವನು ಯಾವ ಊರಿನವನೆಂದು ಇನ್ನೂ ಕೇಳಿಲ್ಲ, ಕೇಳಿ ಆಮೇಲೆ ಬರೆಯುತ್ತೇನೆ ಎಂದಿದ್ದಾಳೆ. ನಾನು ಕಾಯುತ್ತಿದ್ದೇನೆ. ಅಷ್ಟರಲ್ಲಿ ಕಲ್ಯಾಣದ ಆ ಹಳೆಯ ಚಾಳಿಗೆ ಒಮ್ಮೆ ಹೋಗಿ ಎದುರು ಖೋಲಿಯವರು ಈಗೆಲ್ಲಿದ್ದಾರೆ ಎಂದು ವಿಚಾರಿಸಬೇಕೆಂದಿದ್ದೇನೆ.